ಹಿರಿಯರ ಕಾಲದ ದಾಂಪತ್ಯವನ್ನು ಬರೆಯುವ ಬಗೆ: ಹಂಬಲವೆಷ್ಟು, ವಾಸ್ತವವೆಷ್ಟು

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯ ಕಡೆ ಈಗ ಅನೇಕ ಮನೆತನಗಳು ತಮ್ಮ ವಂಶಾವಳಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸುತ್ತಿವೆ. ಕುಟುಂಬ ಸಮ್ಮಿಲನಕ್ಕೋ ಹಿರಿಯರೊಬ್ಬರ ಶತಮಾನದ ನೆನಪಿಗೋ ಸಿದ್ಧವಾಗುವ ಈ ಪುಸ್ತಕಗಳಲ್ಲಿ ಮೂಲಪುರುಷ ಯಾವ ಊರಿನಿಂದ ಬಂದ, ತೋಟ ಎಬ್ಬಿಸಿದ್ದು ಯಾವಾಗ, ಮನೆದೇವರು ಯಾರು, ಹಿಸ್ಸೆಯಾದದ್ದು ಯಾವ ವರ್ಷ ಎಂಬುದೆಲ್ಲ ಶ್ರದ್ಧೆಯಿಂದ ದಾಖಲಾಗಿರುತ್ತದೆ. ಆದರೆ 1940ರಿಂದ 1970ರವರೆಗಿನ ಮದುವೆ ಮತ್ತು ಸಂಸಾರದ ಅಧ್ಯಾಯಕ್ಕೆ ಬಂದ ಕೂಡಲೇ ಬರಹ ಒಂದೇ ಮಾತಿಗೆ ಇಳಿದುಬಿಡುತ್ತದೆ: ಆಗ ಹೊಂದಾಣಿಕೆ ಇತ್ತು, ಹೆಂಗಸರು ಮನೆ ಬೆಳಗಿದರು, ಒಂದು ಸಂಸಾರವೂ ಒಡೆಯಲಿಲ್ಲ. ಆ ಅಧ್ಯಾಯವನ್ನು ಬರೆಯುವ ಹೊಣೆ ಹೊತ್ತವರಿಗಾಗಿ ಈ ಲೇಖನ.

ಹಳೆಯ ಕಾಲದ ಹಂಬಲವನ್ನು ಸುಳ್ಳು ಎಂದು ತಳ್ಳಿಹಾಕುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಹಂಬಲಿಸುವವರು ಯಾವುದೋ ನಿಜವಾದ ನಷ್ಟವನ್ನೇ ನೆನೆಯುತ್ತಿರುತ್ತಾರೆ. ಆದರೆ ಆ ಸುಖಕ್ಕೆ ಅವರು ಕೊಡುವ ಕಾರಣ ಮಾತ್ರ ಬಹಳ ಸಲ ತಪ್ಪಾಗಿರುತ್ತದೆ. ಬಿಟ್ಟು ಹೋಗಲು ದಾರಿಯಿಲ್ಲದೆ ಉಳಿದ ದಾಂಪತ್ಯವೂ ಪ್ರೀತಿಯಿಂದ ಉಳಿದ ದಾಂಪತ್ಯವೂ ದೂರದಿಂದ ನೋಡುವವರಿಗೆ ಒಂದೇ ಥರ ಕಾಣುತ್ತವೆ. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ಈ ಅಧ್ಯಾಯವನ್ನು ಬರೆಯುವವರ ಮುಖ್ಯ ಕೆಲಸ.

ಮೊದಲು ಪರದೇಶದ ಹಂಬಲವೊಂದನ್ನು ಪರೀಕ್ಷಿಸಿ

ಸ್ವಂತ ಅಜ್ಜಿಯ ಮದುವೆಯ ಬಗ್ಗೆ ಪಕ್ಷಪಾತವಿಲ್ಲದೆ ಯೋಚಿಸುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ನಮ್ಮ ಮನೆಯ ಕಾಗದಗಳನ್ನು ಬಿಚ್ಚುವ ಮೊದಲು, ನಮಗೆ ಯಾವ ಮುಲಾಜೂ ಇಲ್ಲದ ಒಂದು ಸಮಾಜದ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಇದಕ್ಕೆ ಎರಡನೆಯ ಮಹಾಯುದ್ಧದ ನಂತರದ ಅಮೆರಿಕಕ್ಕಿಂತ ತಕ್ಕ ಉದಾಹರಣೆ ಸಿಗಲಾರದು, ಏಕೆಂದರೆ ಅಲ್ಲಿಯ ಮದುವೆ, ಹೆರಿಗೆ, ದುಡಿಮೆ, ಬಡತನದ ಲೆಕ್ಕ ವರ್ಷವರ್ಷಕ್ಕೂ ಲಭ್ಯವಿದೆ, ಮತ್ತು ಅಲ್ಲಿಯವರ ಹಂಬಲವೂ ನಮ್ಮದರಷ್ಟೇ ಆಳವಾದದ್ದು. ನಗರದ ಹೊರಗಿನ ಬಡಾವಣೆಯಲ್ಲಿ ಹುಲ್ಲುಹಾಸಿನ ಮನೆ, ಸಂಜೆ ಕಾರಿನಲ್ಲಿ ಕಚೇರಿಯಿಂದ ಮರಳುವ ತಂದೆ, ಅಚ್ಚುಕಟ್ಟಾದ ಉಡುಪಿನಲ್ಲಿ ಊಟ ಬಡಿಸುವ ತಾಯಿ, ಹೇಳಿದ ಮಾತು ಕೇಳುವ ಮಕ್ಕಳು. ಆ ದೇಶದಲ್ಲಿ ಅನೇಕರು ಇಂದಿಗೂ ಇದನ್ನೇ ಸಹಜ ಕುಟುಂಬವೆಂದೂ ಆಮೇಲಿನದೆಲ್ಲ ಅದರಿಂದ ಜಾರಿದ್ದೆಂದೂ ನಂಬುತ್ತಾರೆ.

ಈ ಚಿತ್ರಕ್ಕೆ ಹಾಕಬೇಕಾದ ಮೊದಲ ಪ್ರಶ್ನೆ, ಇದು ಎಂದಿನಿಂದಲೂ ನಡೆದು ಬಂದದ್ದೇ ಎಂಬುದು. 1890ರಲ್ಲಿ ಅಮೆರಿಕದ ಹೆಣ್ಣು ಮೊದಲ ಮದುವೆಯಾಗುತ್ತಿದ್ದ ಮಧ್ಯಮ ವಯಸ್ಸು 22, ಗಂಡಿನದು 26. 1956ರ ಹೊತ್ತಿಗೆ ಅದು ಕ್ರಮವಾಗಿ 20.1 ಮತ್ತು 22.5ಕ್ಕೆ ಇಳಿದಿತ್ತು. ಅಂದರೆ ಆ ದಶಕದ ಯುವಕ ಯುವತಿಯರು ತಮ್ಮ ಅಜ್ಜ ಅಜ್ಜಿಯರಿಗಿಂತ ಚಿಕ್ಕ ವಯಸ್ಸಿಗೇ ಮದುವೆಯಾಗುತ್ತಿದ್ದರು. ಪರಂಪರೆಯೆಂದು ಈಗ ಕರೆಯಲಾಗುವ ಆ ಕುಟುಂಬ ತನ್ನ ಕಾಲದಲ್ಲಿ ಹೊಸ ಬೆಳವಣಿಗೆಯಾಗಿತ್ತು, ಮತ್ತು ಅದು ಬಾಳಿದ್ದು ಸುಮಾರು ಹದಿನೈದು ವರ್ಷ ಮಾತ್ರ. 1957ರಲ್ಲಿ ಆ ದೇಶದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದವು. ಅದೇ ವರ್ಷ 15ರಿಂದ 19ರ ವಯಸ್ಸಿನ ಪ್ರತಿ ಸಾವಿರ ಹುಡುಗಿಯರಲ್ಲಿ 96 ಹೆರಿಗೆಗಳಾದವು. ಈಗಿನ ಪ್ರಮಾಣ ಅದರ ಐದನೇ ಒಂದು ಭಾಗಕ್ಕೂ ಕಡಿಮೆ. ಆ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮದುವೆಯಾಗಿದ್ದರಿಂದ ಅದನ್ನು ಯಾರೂ ಸಮಸ್ಯೆಯೆಂದು ಎಣಿಸಲಿಲ್ಲ.

ಎರಡನೆಯ ಪ್ರಶ್ನೆ, ಚಿತ್ರದ ಹೊರಗೆ ಉಳಿದವರು ಯಾರು ಎಂಬುದು. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ 1947ರಲ್ಲಿ ಆರಂಭವಾದ ಲೆವಿಟೌನ್ ಎಂಬ ಬಡಾವಣೆ ಈ ಹೊಸ ಕುಟುಂಬ ಜೀವನದ ಮಾದರಿಯೆಂದು ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳೆದ್ದವು, ಆದರೆ ಮನೆಯ ಕರಾರುಪತ್ರದಲ್ಲಿಯೇ ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದೆಂಬ ಷರತ್ತು ಇತ್ತು. 1959ರ ಸರ್ಕಾರಿ ಲೆಕ್ಕದಂತೆ ದೇಶದ ಶೇಕಡಾ 22ರಷ್ಟು ಜನ ಬಡತನದ ರೇಖೆಯ ಕೆಳಗಿದ್ದರು, ಕಪ್ಪು ಜನರಲ್ಲಿ ಶೇಕಡಾ 55ರಷ್ಟು. ಬಿಳಿಯರ ಮನೆಗಳಲ್ಲಿ ನೆಲ ಒರೆಸಿ ಅಡುಗೆ ಮಾಡಿ ಸಂಜೆ ತಮ್ಮ ಮಕ್ಕಳ ಬಳಿಗೆ ಮರಳುತ್ತಿದ್ದ ಕಪ್ಪು ತಾಯಂದಿರಿಗೆ ಆ ದಶಕದ ಗೃಹಿಣಿಯ ಬದುಕು ಎಂದೂ ದಕ್ಕಿರಲಿಲ್ಲ.

ಮೂರನೆಯದು ಹಣದ ಪ್ರಶ್ನೆ. ಒಬ್ಬರ ಸಂಬಳದಲ್ಲಿ ಮನೆ ಕಟ್ಟಿ ನಾಲ್ಕು ಮಕ್ಕಳನ್ನು ಸಾಕಲು ಸಾಧ್ಯವಾದದ್ದು ಆಗಿನವರು ಹೆಚ್ಚು ಸಂಯಮಿಗಳಾಗಿದ್ದರು ಎಂಬುದರಿಂದಲ್ಲ. ಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಕಾಯ್ದೆಯೊಂದು ಕಾಲೇಜು ಶಿಕ್ಷಣದ ವೆಚ್ಚವನ್ನೂ ಮನೆ ಸಾಲಕ್ಕೆ ಸರ್ಕಾರದ ಖಾತರಿಯನ್ನೂ ಕೊಟ್ಟಿತ್ತು. ದುಡಿಯುವವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಕಾರ್ಮಿಕ ಸಂಘಗಳಲ್ಲಿದ್ದು ಕೂಲಿಯನ್ನು ಹೋರಾಡಿ ಏರಿಸಿಕೊಂಡಿದ್ದರು. ಇವನ್ನೆಲ್ಲ ಮರೆತು ಆ ಕಾಲದ ಸ್ಥಿರತೆಯನ್ನು ಬರೀ ಗುಣದ ಲೆಕ್ಕಕ್ಕೆ ಬರೆದರೆ, ಈಗಿನ ದಂಪತಿಗಳ ಕಷ್ಟವೆಲ್ಲ ಅವರದೇ ದೋಷವೆಂಬ ತೀರ್ಪು ತಾನಾಗಿ ಹೊರಬೀಳುತ್ತದೆ.

ನಾಲ್ಕನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಕು: ಬಿಟ್ಟು ಹೋಗಬೇಕೆಂದವರಿಗೆ ಬಾಗಿಲು ತೆರೆದಿತ್ತೇ? 1946ರಲ್ಲಿ ಏರಿದ್ದ ವಿಚ್ಛೇದನದ ಪ್ರಮಾಣ ಆಮೇಲಿನ ವರ್ಷಗಳಲ್ಲಿ ಇಳಿಯಿತು ಎಂಬುದು ನಿಜ. ಆದರೆ ನ್ಯೂಯಾರ್ಕ್ ರಾಜ್ಯದಲ್ಲಿ 1966ರಲ್ಲಿ ಕಾನೂನು ಬದಲಾಗುವವರೆಗೂ ವಿಚ್ಛೇದನಕ್ಕೆ ವ್ಯಭಿಚಾರವೊಂದೇ ಕಾರಣವಾಗಿ ಒಪ್ಪಿಗೆಯಾಗಿತ್ತು, ಆದ್ದರಿಂದ ಬೇರೆಯಾಗಬಯಸಿದ ದಂಪತಿಗಳು ಹೋಟೆಲಿನಲ್ಲಿ ಸುಳ್ಳು ವ್ಯಭಿಚಾರದ ದೃಶ್ಯವನ್ನು ಏರ್ಪಡಿಸಿ ಸಾಕ್ಷಿ ಸೃಷ್ಟಿಸುವುದೂ ನಡೆಯುತ್ತಿತ್ತು. ಯಾರ ಮೇಲೂ ತಪ್ಪು ಹೊರಿಸದೆ ಬೇರೆಯಾಗಲು ಕ್ಯಾಲಿಫೋರ್ನಿಯಾ ಅವಕಾಶ ಕೊಟ್ಟದ್ದು 1970ರಿಂದ. ನ್ಯೂಯಾರ್ಕ್ ಅದನ್ನು ಒಪ್ಪಿದ್ದು 2010ರಲ್ಲಿ. ಗಂಡನ ಸಹಿಯಿಲ್ಲವೆಂಬ ಕಾರಣಕ್ಕೆ ಹೆಂಗಸಿಗೆ ಸಾಲ ನಿರಾಕರಿಸುವುದನ್ನು ಒಕ್ಕೂಟದ ಕಾನೂನು ತಡೆದದ್ದು 1974ರಲ್ಲಿ. ಗಂಡನೇ ಎಸಗಿದ ಅತ್ಯಾಚಾರವನ್ನು ಎಲ್ಲ ರಾಜ್ಯಗಳೂ ಅಪರಾಧವೆಂದು ಒಪ್ಪಿಕೊಳ್ಳುವಾಗ 1993 ಆಗಿತ್ತು. ಹೀಗಿರುವಾಗ ಕಡಿಮೆ ವಿಚ್ಛೇದನದ ಅಂಕಿಯಲ್ಲಿ ಸುಖವಾಗಿದ್ದವರೂ ಸಿಕ್ಕಿಬಿದ್ದವರೂ ಒಟ್ಟಿಗೇ ಸೇರಿದ್ದಾರೆ. ಯಾರು ಎಷ್ಟೆಂದು ಆ ಅಂಕಿಯೊಂದರಿಂದಲೇ ಹೇಳಲಾಗದು.

ಕೊನೆಯದಾಗಿ, ಚಿತ್ರ ಎಲ್ಲಿಂದ ಬಂತು ಎಂದು ಕೇಳಬೇಕು. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಟಿ.ವಿ. ಇತ್ತು, 1960ಕ್ಕೆ ಸುಮಾರು 87ರಲ್ಲಿ. ಒಳ್ಳೆಯ ಕುಟುಂಬದ ಧಾರಾವಾಹಿಗಳನ್ನು ನೋಡುತ್ತ ಬೆಳೆದ ಮಕ್ಕಳ ನೆನಪಿನಲ್ಲಿ ತಮ್ಮ ಮನೆಯೂ ಧಾರಾವಾಹಿಯ ಮನೆಯೂ ಬೆರೆತುಹೋದವು. ತಾಯಿಯೆಂದರೆ ಮನೆಯಲ್ಲೇ ಇರುವವಳು ಎಂದು ತೋರಿಸಿದ ಅದೇ ದಶಕದಲ್ಲಿ, ಹೊರಗೆ ದುಡಿಯುವ ವಿವಾಹಿತೆಯರ ಸಂಖ್ಯೆ ನಾಲ್ವರಲ್ಲಿ ಸುಮಾರು ಒಬ್ಬರು ಎಂಬಲ್ಲಿಂದ ಹತ್ತರಲ್ಲಿ ಸುಮಾರು ಮೂವರು ಎಂಬಲ್ಲಿಗೆ ಏರಿತ್ತು.

ಹಿಂದೆ ಮುಂದೆ ಏನಿತ್ತು, ಹೊರಗುಳಿದವರಾರು, ಹಣ ಎಲ್ಲಿಯದು, ಬಾಗಿಲು ತೆರೆದಿತ್ತೇ, ಚಿತ್ರ ಯಾರದು ಎಂಬ ಈ ಐದು ಪ್ರಶ್ನೆಗಳನ್ನೇ ಹಿಡಿದು ಮನೆಗೆ ಮರಳಿ.

ಕಾಲವನ್ನೂ ಜಾಗವನ್ನೂ ಗೊತ್ತುಮಾಡಿ

‘ಹಿಂದಿನ ಕಾಲ’ ಎಂಬ ಮಾತನ್ನು ಕರಡಿನಿಂದ ಪೂರ್ತಿ ತೆಗೆದುಹಾಕಿ, ಅದರ ಜಾಗದಲ್ಲಿ ಇಸವಿ ಬರೆಯಿರಿ. ಒಂದು ದೊಡ್ಡ ಹಾಳೆಯ ಎಡಗಡೆ ಊರಿನ ಘಟನೆಗಳನ್ನೂ ಬಲಗಡೆ ಮನೆಯ ಮದುವೆ, ಹೆರಿಗೆ, ಸಾವುಗಳನ್ನೂ ಗುರುತಿಸಿ. ಎಡಗಡೆ ಏನು ಬರಬೇಕೆಂಬುದು ನಿಮ್ಮ ಊರು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. 1948ರಲ್ಲಿ ಜೋಗದ ವಿದ್ಯುದಾಗಾರ, 1951ರಲ್ಲಿ ಕಾಗೋಡು ಸತ್ಯಾಗ್ರಹ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮತ್ತು ಅದರ ನೀರಿನಲ್ಲಿ ಮುಳುಗಿದ ಊರುಗಳಿಂದ ಎದ್ದು ಹೋದ ಸಾವಿರಾರು ಕುಟುಂಬಗಳು, 1974ರಲ್ಲಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಭೂಸುಧಾರಣೆಯ ತಿದ್ದುಪಡಿ: ಇವು ಶಿವಮೊಗ್ಗ ಜಿಲ್ಲೆಯ ಬಹುಪಾಲು ಮನೆಗಳನ್ನು ಒಂದಲ್ಲ ಒಂದು ರೀತಿಯಲ್ಲಿ ಮುಟ್ಟಿವೆ. ಮುಳುಗಡೆಯ ಸೀಮೆಯಲ್ಲಿ ಕೂಡುಕುಟುಂಬ ಚದುರಿದ್ದು ಸೊಸೆಯರ ಜಗಳದಿಂದಲ್ಲ, ಅಣ್ಣತಮ್ಮಂದಿರಿಗೆ ಬೇರೆ ಬೇರೆ ಕಡೆ ಜಮೀನು ಸಿಕ್ಕಿದ್ದರಿಂದ ಎಂಬುದು ಇಂಥ ಒಂದು ಹಾಳೆಯ ಮೇಲೆ ಇಸವಿಗಳು ಅಕ್ಕಪಕ್ಕ ಬಂದಾಗ ಗೊತ್ತಾಗಬಹುದು.

ಕಾನೂನಿಗೂ ಅದೇ ಹಾಳೆಯಲ್ಲಿ ಒಂದು ಸಾಲು ಬೇಕು, ಏಕೆಂದರೆ ಇದರಲ್ಲಿ ತಪ್ಪುವವರು ಹೆಚ್ಚು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹುಡುಗಿಯ ಮದುವೆಗೆ 14 ವರ್ಷವನ್ನು ಗೊತ್ತುಮಾಡಿತು. ಆದರೆ ಶಿವಮೊಗ್ಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ್ದೇ ಆದ 1894ರ ಕಾನೂನು ಎಂಟು ತುಂಬದ ಹುಡುಗಿಯರ ಮದುವೆಯನ್ನೂ, 14ರೊಳಗಿನ ಹುಡುಗಿಯನ್ನು 50 ದಾಟಿದ ಗಂಡಸು ಮದುವೆಯಾಗುವುದನ್ನೂ ಮಾತ್ರ ತಡೆದಿತ್ತು. ಇನ್ನೊಂದೆಡೆ, ಆಸ್ತಿ ಪಾಲಾಗುವಾಗ ಹೆಂಗಸರಿಗೂ ಕೆಲವು ಹಕ್ಕುಗಳನ್ನು ಕೊಡುವ ಕಾಯ್ದೆಯನ್ನು ಮೈಸೂರು 1933ರಲ್ಲೇ ಮಾಡಿತ್ತು. ಒಬ್ಬಳು ಹೆಂಡತಿ ಇರುವಾಗ ಇನ್ನೊಂದು ಮದುವೆ ಅಸಿಂಧುವಾದದ್ದು, ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಲು ಹಿಂದೂಗಳಿಗೆ ದೇಶದುದ್ದಕ್ಕೂ ಒಂದೇ ಕಾನೂನು ಬಂದದ್ದು 1955ರಲ್ಲಿ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ 1976ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟುಹಕ್ಕು ಕರ್ನಾಟಕದಲ್ಲಿ 1994ರಲ್ಲಿ, ಅದೂ ಅಲ್ಲಿಯವರೆಗೆ ಮದುವೆಯಾಗದಿದ್ದವರಿಗೆ. 1950ರಲ್ಲಿ ಗಂಡನ ಮನೆ ಬಿಡಬೇಕೆಂದ ಹೆಣ್ಣು ಎಲ್ಲಿಗೆ ಹೋಗಬಹುದಿತ್ತು, ಏನನ್ನು ಕೈಯಲ್ಲಿ ಹಿಡಿದು ಹೋಗಬಹುದಿತ್ತು ಎಂಬ ಪ್ರಶ್ನೆಗೆ ಈ ಇಸವಿಗಳೇ ಅರ್ಧ ಉತ್ತರ ಕೊಡುತ್ತವೆ.

ಮನೆಯ ಕಾಗದಗಳು

ನೆನಪುಗಳನ್ನು ಕೇಳುವ ಮೊದಲು ಕಾಗದಗಳನ್ನು ಓದಿ. ಅಟ್ಟದ ಪೆಟ್ಟಿಗೆಯಲ್ಲಿ ಜಾತಕಗಳು, ಲಗ್ನಪತ್ರಿಕೆಗಳು, ಪಾಲುಪಟ್ಟಿ, ಅಡಿಕೆ ಮಂಡಿಯ ಲೆಕ್ಕ, ತವರಿನಿಂದ ಬಂದ ಕಾರ್ಡುಗಳು ಇರಬಹುದು. ಶಾಲೆಯ ದಾಖಲಾತಿ ಪುಸ್ತಕ, ಕಂದಾಯದ ದಾಖಲೆ, ಉಪನೋಂದಣಿ ಕಚೇರಿಯ ಹಳೆಯ ಪತ್ರಗಳು ಹೊರಗಡೆ ಸಿಗುತ್ತವೆ. ಇವುಗಳಿಂದ ಪ್ರತಿಯೊಬ್ಬ ಹೆಂಗಸಿಗೂ ಒಂದು ಸಾಲು ತಯಾರಿಸಿ: ಹುಟ್ಟಿದ ವರ್ಷ, ಮದುವೆಯಾದ ವರ್ಷ, ಮೊದಲ ಹೆರಿಗೆ, ಒಟ್ಟು ಹೆರಿಗೆ, ಉಳಿದ ಮಕ್ಕಳು, ಗಂಡ ತೀರಿಕೊಂಡ ವರ್ಷ ಅಥವಾ ಆಕೆಯೇ ತೀರಿಕೊಂಡ ವರ್ಷ. ವಂಶವೃಕ್ಷದಲ್ಲಿ ಬದುಕಿ ಬಾಳಿದ ಮಕ್ಕಳ ಹೆಸರಷ್ಟೇ ಇರುವುದರಿಂದ ಈ ಸಾಲು ಇಲ್ಲದಿದ್ದರೆ ತೀರಿಹೋದ ಮಕ್ಕಳು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಸಾವನ್ನು ಎಣಿಸುವುದು ಏಕೆ ಅಗತ್ಯವೆಂದರೆ, ಒಂದು ಸಂಸಾರವೂ ಒಡೆಯಲಿಲ್ಲ ಎಂಬ ಮಾತು ನಿಲ್ಲುವುದೂ ಬೀಳುವುದೂ ಅಲ್ಲಿಯೇ. 1951ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಜೀವಿತಾವಧಿ 32 ವರ್ಷವಿತ್ತು. ಎಳೆಯ ಮಕ್ಕಳ ಸಾವು ಈ ಸರಾಸರಿಯನ್ನು ತೀರಾ ಕೆಳಗೆ ಎಳೆದಿತ್ತು ಎಂಬುದು ನಿಜವಾದರೂ, ಮಲೇರಿಯಾಕ್ಕೆ ಹೆಸರಾಗಿದ್ದ ಮಲೆನಾಡಿನಲ್ಲಿ, ರಸ್ತೆಯೂ ಆಸ್ಪತ್ರೆಯೂ ದೂರವಿದ್ದ ಕಾಡಂಚಿನ ಮನೆಗಳಲ್ಲಿ, ಮಳೆಗಾಲದ ಹೆರಿಗೆಯಲ್ಲಿಯೂ ಚಳಿಜ್ವರದಲ್ಲಿಯೂ ತೀರಿಕೊಂಡ ಹರೆಯದ ಹೆಂಗಸರು ಕಡಿಮೆಯೇನಲ್ಲ. ಹೆಂಡತಿ ತೀರಿಕೊಂಡ ಗಂಡಸು ಮತ್ತೆ ಮದುವೆಯಾದನು. ಕೆಲವು ಮನೆಗಳಲ್ಲಿ ಮೂರನೆಯ ಸಲವೂ ಆದನು. ಮೇಲ್ಜಾತಿಯ ಮನೆಗಳಲ್ಲಿ ಗಂಡ ತೀರಿಕೊಂಡ ಹುಡುಗಿ ತಲೆ ಬೋಳಿಸಿಕೊಂಡು ಕೆಂಪು ಸೀರೆಯುಟ್ಟು ಅಡುಗೆಮನೆಯ ಮೂಲೆಯಲ್ಲಿ ಐವತ್ತು ವರ್ಷ ಕಳೆದಳು. ಇವೆಲ್ಲ ಒಡೆದ ಸಂಸಾರಗಳೇ. ಇವನ್ನು ಸೇರಿಸಿ ಎಣಿಸಿದಾಗ, ಅರ್ಧದಲ್ಲೇ ಮುಗಿದ ದಾಂಪತ್ಯಗಳು ನಿಮ್ಮ ಮನೆತನದಲ್ಲಿ ಎಷ್ಟಿದ್ದವೆಂಬ ನಿಜವಾದ ಲೆಕ್ಕ ಕೈಗೆ ಬರುತ್ತದೆ.

ಗಂಡ ಬದುಕಿರುವಾಗಲೇ ತವರಿಗೆ ಬಂದು ಮರಳದ ಹೆಂಗಸರನ್ನೂ ಹುಡುಕಿ. ಅಂಥವರನ್ನು ವಿಚ್ಛೇದಿತೆಯೆಂದು ಯಾವ ಕಾಗದವೂ ಹೇಳುವುದಿಲ್ಲ. ಅಣ್ಣನ ಮಕ್ಕಳನ್ನು ಬೆಳೆಸಿದ ಸೋದರತ್ತೆ ಎಂದಷ್ಟೇ ನೆನಪಿನಲ್ಲಿ ಉಳಿದಿರುತ್ತಾರೆ. ಪಾಲುಪಟ್ಟಿಯ ಕೊನೆಯಲ್ಲಿ ಅವರ ಅಶನಾರ್ಥಕ್ಕೆಂದು ಇಷ್ಟು ಭತ್ತ, ವರ್ಷಕ್ಕೆ ಎರಡು ಸೀರೆ ಎಂದು ಬರೆದಿದ್ದರೆ ಅದು ಅಮೂಲ್ಯ ದಾಖಲೆ. ಫೋಟೋಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ: ಸ್ಟುಡಿಯೋದವರು ಕೂರಿಸಿದಂತೆ ಕೂತವರ ಮುಖದಿಂದ ಅವರ ಸುಖದುಃಖ ಓದಲು ಹೋಗಬೇಡಿ.

ಕೇಳುವ ಕ್ರಮ

ತೊಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಮಾತನಾಡಲು ಸಿದ್ಧರಿದ್ದರೆ ಬೇರೆಲ್ಲ ಕೆಲಸವನ್ನು ಬದಿಗಿಟ್ಟು ಹೋಗಬೇಕು. ಪಾಲುಪಟ್ಟಿ ಮುಂದಿನ ವರ್ಷವೂ ಪೆಟ್ಟಿಗೆಯಲ್ಲಿ ಇರುತ್ತದೆ. ಮಗ, ಮೊಮ್ಮಗ, ಬಂದ ನೆಂಟರು ಎಲ್ಲರೂ ಸುತ್ತ ಕೂತಿರುವ ಜಗುಲಿಯಲ್ಲಿ ಫೋನಿನ ರೆಕಾರ್ಡರ್ ಇಟ್ಟು ಕೇಳಿದರೆ ಸಿಗುವುದು ಜಗುಲಿಯ ಮಾತೇ. ಅವರು ಕೆಲಸ ಮಾಡುತ್ತಿದ್ದ ಜಾಗದಲ್ಲಿ, ಅಂದರೆ ಅಡುಗೆಮನೆಯಲ್ಲೋ ಹಿತ್ತಲಿನಲ್ಲೋ, ಮನೆಯ ಹೆಣ್ಣುಮಗಳೊಬ್ಬಳು ಜೊತೆಗಿದ್ದು ಕೇಳಿದರೆ ಮಾತು ಬೇರೆಯೇ ಹಾದಿ ಹಿಡಿಯುತ್ತದೆ. ರೆಕಾರ್ಡ್ ಮಾಡುವ ಮುನ್ನ ‘ಅಜ್ಜಿ, ಇದನ್ನು ಬರೆದುಕೊಳ್ಳಬಹುದಾ? ಬೇಡ ಅಂದರೆ ಬೇಡ’ ಎಂದು ಕೇಳಿಯೇ ಮುಂದುವರಿಯಬೇಕು.

‘ಆಗ ಸುಖವಾಗಿದ್ದಿರಾ?’ ಎಂದು ಕೇಳಬೇಡಿ. ಇಡೀ ಬದುಕಿನ ತೀರ್ಪನ್ನು ಒಂದು ಮಾತಿನಲ್ಲಿ ಕೇಳಿದಾಗ ಯಾರೇ ಆದರೂ ತಮ್ಮ ಬದುಕಿನ ಮರ್ಯಾದೆ ಉಳಿಸುವ ಉತ್ತರವನ್ನೇ ಕೊಡುತ್ತಾರೆ, ಹಾಗೆ ಕೊಡುವುದು ಅವರ ಹಕ್ಕು ಕೂಡ. ಕೇಳಬೇಕಾದ್ದು ದಿನದ ವಿವರ. ಕೊನೆಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಕೊನೆಗೌಡನಿಗೂ ಸುಲಿಯುವವರಿಗೂ ಆಸರಿಗೆ ಏನು ಮಾಡುತ್ತಿದ್ದಿರಿ, ರಾತ್ರಿ ಅಡಿಕೆ ಸುಲಿಯಲು ಕೂತರೆ ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಆಗ ಕೈಕೂಸನ್ನು ಯಾರು ನೋಡುತ್ತಿದ್ದರು, ನೀವು ಊಟಕ್ಕೆ ಕೂರುವಾಗ ಪಲ್ಯ ಉಳಿದಿರುತ್ತಿತ್ತಾ, ಬಾಣಂತನಕ್ಕೆ ತವರಿಗೆ ಹೋಗುವಾಗ ಯಾರ ಒಪ್ಪಿಗೆ ಬೇಕಿತ್ತು, ಹೋದರೆ ಎಷ್ಟು ತಿಂಗಳು ಇರುತ್ತಿದ್ದಿರಿ, ಜ್ವರ ಬಂದಾಗ ಯಾರು ಅಡುಗೆ ಮಾಡಿದರು, ಅಡಿಕೆ ಮಾರಿದ ದುಡ್ಡು ಯಾರ ಪೆಟ್ಟಿಗೆಯಲ್ಲಿರುತ್ತಿತ್ತು, ನಿಮಗಾಗಿ ಏನಾದರೂ ಕೊಳ್ಳಬೇಕಾದರೆ ಯಾರನ್ನು ಕೇಳಬೇಕಿತ್ತು. ಇಂಥ ಪ್ರಶ್ನೆಗಳಿಗೆ ಬರುವ ಉತ್ತರದಲ್ಲಿ ಕಷ್ಟವೂ ಇರುತ್ತದೆ, ಪ್ರೀತಿಯೂ ಇರುತ್ತದೆ; ಯಾರಿಗೂ ತಿಳಿಯದ ಹಾಗೆ ಹೆಂಡತಿಗೆ ಪೇಟೆಯಿಂದ ಓದಲು ಪುಸ್ತಕ ತಂದುಕೊಡುತ್ತಿದ್ದ ಗಂಡನ ಸುದ್ದಿಯೂ ಹೀಗೆಯೇ ಹೊರಬರುತ್ತದೆ.

ಹಾಡುಗಳನ್ನೂ ಕೇಳಿ, ಏಕೆಂದರೆ ಹಾಡು ನೆನಪಿಗಿಂತ ಬೇರೆ ಬಗೆಯ ಸಾಕ್ಷಿ. ನೆನಪು ಇಂದಿನ ಮನಸ್ಸಿನಿಂದ ಹೊರಡುತ್ತದೆ. ಹೆಣ್ಣು ಒಪ್ಪಿಸುವ ಹಾಡು, ಬೀಸುವ ಹಾಡುಗಳ ಮಾತುಗಳು ಬಾಯಿಂದ ಬಾಯಿಗೆ ಬದಲಾಗುತ್ತ ಬಂದವು, ಒಬ್ಬರದೇ ಬದುಕಿನ ಕಥೆಯಲ್ಲ. ತವರು ಬಿಡುವ ಸಂಕಟ, ಅತ್ತೆಯ ಮನೆಯ ಹೆದರಿಕೆ, ಅಣ್ಣ ಕರೆಯಲು ಬರಲಿಲ್ಲವೆಂಬ ಕೊರಗು ಅವುಗಳಲ್ಲಿ ಬಿಚ್ಚುಮನಸ್ಸಿನಿಂದ ಹೇಳಲ್ಪಟ್ಟಿವೆ. ಮಾತಿನಲ್ಲಿ ‘ನಮ್ಮ ಅತ್ತೆ ದೇವರಂಥವರು’ ಎಂದ ಅಜ್ಜಿಯೇ ಹಾಡಿನಲ್ಲಿ ಬೇರೆಯದನ್ನು ಹಾಡಿದರೆ ಎರಡನ್ನೂ ಬರೆದುಕೊಳ್ಳಿ, ಯಾವುದನ್ನೂ ಸುಳ್ಳೆಂದು ಹೊಡೆದುಹಾಕಬೇಡಿ.

ಒಂದೇ ಊರಿನ ಬೇರೆ ಬೇರೆ ದಾಂಪತ್ಯ

ವಂಶಾವಳಿ ಒಂದು ಮನೆತನದ್ದಾದರೂ ಆ ಮನೆ ಊರಿನ ನಡುವೆ ಇತ್ತು. ಲೆವಿಟೌನಿನ ಹುಲ್ಲುಹಾಸಿಗೆ ಹೊರಗಿನವರಿದ್ದಂತೆ ನಮ್ಮ ಹೆಬ್ಬಾಗಿಲಿಗೂ ಹೊರಗಿನವರಿದ್ದರು, ಮತ್ತು ಅವರ ದಾಂಪತ್ಯದ ನಿಯಮಗಳು ಬಹಳ ಕಡೆ ಬೇರೆಯೇ ಆಗಿದ್ದವು. ಮಲೆನಾಡಿನ ಹಲವು ಸಮುದಾಯಗಳಲ್ಲಿ ಮದುವೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ಹೊಂದದಿದ್ದರೆ ಹಿರಿಯರ ಮುಂದೆ ಬಿಡುಗಡೆಯಾಗುವುದೂ, ವಿಧವೆ ಅಥವಾ ಗಂಡನನ್ನು ಬಿಟ್ಟವಳು ಉಡಿಕೆಯಾಗಿ ಇನ್ನೊಂದು ಮನೆ ಸೇರುವುದೂ ಒಪ್ಪಿತ ಪದ್ಧತಿಯಾಗಿತ್ತು. 1955ರ ಕಾಯ್ದೆ ಕೂಡ ಇಂಥ ರೂಢಿಯ ವಿಚ್ಛೇದನವನ್ನು ಮಾನ್ಯವಾಗಿಯೇ ಉಳಿಸಿತು. ಆದ್ದರಿಂದ ವಿಚ್ಛೇದನವೆಂಬುದು ಪೇಟೆಯವರು ತಂದ ಹೊಸ ರೋಗ ಎಂದು ಬರೆಯುವವರು ತಮ್ಮ ತೋಟದಲ್ಲೇ ದುಡಿದ ಜನರ ಬದುಕನ್ನು ನೋಡದೆ ಬರೆದಂತಾಗುತ್ತದೆ. ಮೇಲ್ಜಾತಿಯ ಕಟ್ಟುಪಾಡನ್ನೇ ಇಡೀ ನಾಡಿನ ಪರಂಪರೆಯೆಂದು ಹೇಳುವ ಈ ತಪ್ಪು ನಮ್ಮ ವಂಶಾವಳಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಮತ್ತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದೂ ಅದೇ.

ಉಡಿಕೆ ಇದ್ದ ಮಾತ್ರಕ್ಕೆ ಅಲ್ಲಿ ಹೆಣ್ಣಿಗೆ ಸುಖವಿತ್ತೆಂದು ತೀರ್ಮಾನಿಸುವುದೂ ಇನ್ನೊಂದು ಬಗೆಯ ಹಂಬಲವೇ ಆದೀತು. ಒಕ್ಕಲಿನ ಮನೆಯ ಹೆಂಗಸು ಧಣಿಯ ಗದ್ದೆಯಲ್ಲಿ ನೆಟ್ಟಿ ಮುಗಿಸಿ ತನ್ನ ಮನೆಯ ಒಲೆ ಹಚ್ಚಬೇಕಿತ್ತು. ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ. ಆ ಕೊಳಗ ತುಂಬಿದ ಮೇಲೆ ಉಳಿದ ಭತ್ತದಲ್ಲಿ ವರ್ಷವಿಡೀ ಮಕ್ಕಳಿಗೆ ಬಡಿಸಬೇಕಾಗಿದ್ದವಳು ಅವಳು. ಧಣಿಯ ಮನೆಯ ಕೂಡುಕುಟುಂಬದ ತುಂಬಿದ ಕಣಜಕ್ಕೆ ಅವಳ ಮನೆಯ ಖಾಲಿ ಕಣಜವೂ ಒಂದು ಕಾರಣವೆಂದು ಒಂದು ವಾಕ್ಯವಾದರೂ ಆ ಅಧ್ಯಾಯದಲ್ಲಿ ಇರಬೇಕು.

ಹಂಬಲದಲ್ಲಿರುವ ಸತ್ಯವನ್ನು ಉಳಿಸಿಕೊಳ್ಳಿ

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಹಂಬಲದಲ್ಲಿ ಉಳಿಯುವುದು ಸಾಕಷ್ಟಿದೆ, ಅದನ್ನು ಅಷ್ಟೇ ಗೌರವದಿಂದ ಬರೆಯಬೇಕು. ಮೊದಲ ಹೆರಿಗೆಯ ನಂತರ ತಿಂಗಳುಗಟ್ಟಲೆ ತವರಿನಲ್ಲಿ ಸಿಗುತ್ತಿದ್ದ ಬಾಣಂತನ, ದೊಡ್ಡಮ್ಮ ಚಿಕ್ಕಮ್ಮಂದಿರ ನಡುವೆ ಮಕ್ಕಳು ಬೆಳೆದ ರೀತಿ, ಮುಯ್ಯಾಳಿನ ಕೆಲಸದಲ್ಲಿ ಊರಿಗೆ ಊರೇ ಒಂದು ಮನೆಯ ಗದ್ದೆಗೆ ಇಳಿಯುತ್ತಿದ್ದುದು, ಗಂಡ ಹೆಂಡಿರ ಮುನಿಸು ಹೆಚ್ಚಾದಾಗ ನಡುವೆ ಬಂದು ಮಾತನಾಡಲು ಹಿರಿಯರಿದ್ದುದು, ಇವನ್ನು ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೇ ದುಡಿದು ಇಬ್ಬರೇ ಮಗುವನ್ನು ನೋಡಿಕೊಳ್ಳುವ ಮೊಮ್ಮಗಳು ಹಂಬಲಿಸಿದರೆ ಅವಳು ತಪ್ಪಿಲ್ಲ. ಅಮೆರಿಕದವರ ಹಂಬಲದಲ್ಲಿಯೂ ಒಂದೇ ಸಂಬಳಕ್ಕೆ ಮನೆ ಸಿಗುತ್ತಿದ್ದ ಕಾಲದ ನೆನಪು ನಿಜವಾದದ್ದೇ. ಆದರೆ ಕಾರಣವನ್ನು ಸರಿಯಾಗಿ ಗುರುತಿಸಿ ಬರೆಯಿರಿ. ಆ ಮನೆ ಸಿಕ್ಕಿದ್ದು ಸಾಲದ ಖಾತರಿಯಿಂದ, ಹೆಂಡತಿ ಮನೆಯಲ್ಲೇ ಕೂತಿದ್ದರಿಂದಲ್ಲ. ನಮ್ಮ ಬಾಣಂತಿಗೆ ವಿಶ್ರಾಂತಿ ಸಿಕ್ಕಿದ್ದು ಅವಳಿಗಾಗಿ ಹಂಡೆ ಕಾಯಿಸಲು ನಾಲ್ಕು ಜೊತೆ ಕೈಗಳಿದ್ದುದರಿಂದ, ಅವಳಿಗೆ ಹದಿನಾಲ್ಕಕ್ಕೇ ಮದುವೆಯಾಗಿದ್ದರಿಂದಲ್ಲ. ಒಂದನ್ನು ಬೇಕೆನ್ನಲು ಇನ್ನೊಂದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಬರೆಯುವಾಗ, ಅಚ್ಚಿಗೆ ಮುನ್ನ

ಗುಣವಾಚಕಗಳನ್ನು ಕಡಿಮೆ ಮಾಡಿ ಕ್ರಿಯೆಗಳನ್ನು ಬರೆಯಿರಿ. ವಂಶಾವಳಿಗಳಲ್ಲಿ ಸಾಮಾನ್ಯವಾಗಿ ಸಿಗುವ ವಾಕ್ಯ ಹೀಗಿರುತ್ತದೆ: ‘ಅಜ್ಜಿ ಚಿಕ್ಕ ವಯಸ್ಸಿಗೇ ಈ ಮನೆ ತುಂಬಿ ನಗುನಗುತ್ತ ತುಂಬು ಸಂಸಾರ ತೂಗಿಸಿದ ಮಹಾತಾಯಿ.’ ಅದರ ಬದಲು, ಕಲ್ಪಿತ ಉದಾಹರಣೆಯಾಗಿ, ಹೀಗೆ ಬರೆಯಬಹುದು: ‘ಅಜ್ಜಿ 1946ರಲ್ಲಿ, ಹದಿನಾಲ್ಕು ತುಂಬುವ ಮೊದಲು ಈ ಮನೆಗೆ ಬಂದರು. ಒಂಬತ್ತು ಮಕ್ಕಳನ್ನು ಹೆತ್ತರು, ಆರು ಮಕ್ಕಳು ಉಳಿದರು. 1972ರ ಪಾಲಿನಲ್ಲಿ ಅವರ ಹೆಸರಿಗೆ ಏನೂ ಬರಲಿಲ್ಲ. ಅಜ್ಜ ತಮ್ಮನ್ನು ಎಂದೂ ಗದರಿಸಲಿಲ್ಲ ಎಂದು ಅವರು ಹೇಳುತ್ತಾರೆ. ತಾಯಿ ತೀರಿಕೊಂಡಾಗ ಸುಗ್ಗಿಯ ಕೆಲಸ ಬಿಟ್ಟು ಹೋಗಲಾಗಲಿಲ್ಲ ಎಂಬುದನ್ನೂ ಅವರೇ ಹೇಳುತ್ತಾರೆ.’ ಎರಡನೆಯದರಲ್ಲಿ ಅಜ್ಜಿಯ ಘನತೆ ಕುಂದಿಲ್ಲ, ಹೆಚ್ಚಿದೆ. ಅಜ್ಜನ ಮೇಲೂ ಯಾವ ಅಪವಾದ ಬಂದಿಲ್ಲ.

‘ಮನೆಯ ಮಾತು ಬೀದಿಗೆ ಏಕೆ?’ ಎಂದು ಹಿರಿಯರು ಆಕ್ಷೇಪಿಸುವುದು ಖಂಡಿತ. ಅವರೊಡನೆ ವಾದಕ್ಕಿಳಿಯುವ ಬದಲು ಕರಡನ್ನು ಎರಡು ಭಾಗ ಮಾಡಿಕೊಳ್ಳಿ: ಇಸವಿ, ಹೆರಿಗೆ, ಸಾವು, ಪಾಲು, ದುಡಿಮೆಯ ವಿವರ ಅಚ್ಚಾಗುವ ಪುಸ್ತಕಕ್ಕೆ, ಬದುಕಿರುವವರಿಗೆ ನೋವಾಗುವ ಖಾಸಗಿ ಸಂಗತಿಗಳು ಮನೆಯಲ್ಲೇ ಉಳಿಯುವ ಕೈಬರಹದ ಪ್ರತಿಗೆ. ಯಾವುದು ಯಾವ ಭಾಗಕ್ಕೆ ಎಂಬುದನ್ನು ಆ ಮಾತು ಹೇಳಿದವರೇ ನಿರ್ಧರಿಸಲಿ. ಅಚ್ಚುಕೂಟಕ್ಕೆ ಕಳಿಸುವ ಮೊದಲು ಕರಡನ್ನು ಸಂಪಾದಕ ಮಂಡಲಿಯ ಗಂಡಸರಿಗೆ ಓದಿ ಹೇಳುವ ಮುನ್ನ, ಅದರಲ್ಲಿ ಯಾರ ಬದುಕಿದೆಯೋ ಆ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳಿ. 1951ರಲ್ಲಿ ಈ ದೇಶದ ನೂರು ಹೆಂಗಸರಲ್ಲಿ ಒಂಬತ್ತು ಮಂದಿಗೂ ಓದು ಬರುತ್ತಿರಲಿಲ್ಲವಾದ್ದರಿಂದ, ಆ ತಲೆಮಾರಿನ ಅನೇಕರಿಗೆ ಓದಿ ಹೇಳಿದರೆ ಮಾತ್ರ ತಲುಪುತ್ತದೆ. ಅವರು ತಿದ್ದಿದ್ದನ್ನು ತಿದ್ದಿಕೊಳ್ಳಿ, ಹೆಸರು ಗೊತ್ತಿಲ್ಲದ ಸೊಸೆಯಂದಿರ ಜಾಗದಲ್ಲಿ ‘ಇವರ ಪತ್ನಿ’ ಎಂದು ಬರೆಯದೆ ಖಾಲಿ ಗೆರೆ ಎಳೆದು ಬಿಡಿ, ಮತ್ತು ಪ್ರತಿಯೊಂದು ಶಾಖೆಯ ಮನೆಗೂ ಆ ಪುಟವನ್ನು ಮೊದಲೇ ಕಳಿಸಿ ಹೆಸರು ತುಂಬಿಸಿಕೊಳ್ಳಿ.